ಮೂರನೆಯ ಗೀಟು

ಬೈಕಿನ ಪೈಪುಗಳ ಮೇಲೆ ಎಳೆದ ಸೀಮೆಸುಣ್ಣದ ಗೆರೆ ತಾನು ಹೆದರಿಕೊಂಡಿದ್ದ ಜಾಗಕ್ಕಿಂತ ಮೂರು ಬೆರಳು ಮುಂದಕ್ಕೇ ಬಿದ್ದಿರುವುದನ್ನು ಕಂಡು ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಗೆರೆಯಿಂದ ಹಿಂದಿನದೆಲ್ಲ ಕತ್ತರಿಸಿ ಬೀಳುವಂಥದು. ಮಧ್ಯಾಹ್ನದ ಹೊತ್ತಿಗೆ ಬೈಕಿನ ಹಿಂಭಾಗದ ಆ ಎರಡು ಪೈಪುಗಳ ತುದಿ, ಅವುಗಳ ಮೇಲಿನ ಮೂವತ್ತೆಂಟು ವರ್ಷದ ಕಪ್ಪು ಬಣ್ಣ, ಬಣ್ಣದ ಅಡಿಯಲ್ಲಿ ತನಗೊಬ್ಬಳಿಗೇ ಗೊತ್ತಿರುವ ನಾಲ್ಕು ಬೆರಳುದ್ದದ ಬೆಸುಗೆ, ಎಲ್ಲವೂ ವೆಲ್ಡಿಂಗ್ ಅಂಗಡಿಯ ಮೂಲೆಯ ಗುಜರಿ ಡ್ರಮ್ಮಿಗೆ ಬಿದ್ದು, ನಾಡಿದ್ದು ಗುಜರಿಯವನ ತಕ್ಕಡಿ ಏರಿ, ಯಾವುದೋ ಕುಲುಮೆಯಲ್ಲಿ ಕರಗಿಹೋಗುತ್ತವೆ. ಆಮೇಲೆ ಕೇಳುವವರು ಯಾರು? ಆದರೂ ತನ್ನ ಕೈಯಿಂದ ಹುಟ್ಟಿದ್ದರಲ್ಲಿ ಚೆಂದದ್ದು ಅಂತ ಒಂದಿದ್ದರೆ ಅದು ಆ ಬೆಸುಗೆ. ಈ ಮೂವತ್ತೆಂಟು ವರ್ಷಗಳಲ್ಲಿ ಅವಳು ಎಷ್ಟು ಗೇಟುಗಳಿಗೆ, ಎಷ್ಟು ಕಿಟಕಿ ಸರಳುಗಳಿಗೆ ಬಣ್ಣ ಬಳಿದಿದ್ದಾಳೆಂದು ಲೆಕ್ಕವಿಟ್ಟವರಿಲ್ಲ. ಬಣ್ಣ ಅಂದರೆ ಬೇರೆಯವರ ಕೆಲಸದ ಮೇಲೆ ಎಳೆದ ಹೊದಿಕೆ. ಕುಂಚದ ತುದಿಯಿಂದ ಹನಿಯೊಂದು ಕಾಲಿನ ಹೆಬ್ಬೆರಳ ಮೇಲೆ ಬಿದ್ದಾಗಲೇ ತಾನು ಎಷ್ಟೋ ಹೊತ್ತಿನಿಂದ ಗೇಟಿನ ಒಂದೇ ಸರಳಿನ ಮುಂದೆ ನಿಂತಿದ್ದೇನೆಂದು ಅವಳಿಗೆ ತಿಳಿದದ್ದು.

ಅಣ್ಣನ ಮಗಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮೂರು ವರ್ಷದವಳಿದ್ದಾಗ ಒಂದು ಸಣ್ಣ ನಟ್ಟು ನುಂಗಿ ಮನೆಮಂದಿಯನ್ನೆಲ್ಲ ಎರಡು ದಿನ ಕಾಯಿಸಿದ್ದಕ್ಕೆ ಅವಳಿಗೆ ನಟ್ಟು ಎಂದೇ ಹೆಸರು ನಿಂತುಹೋಗಿತ್ತು. ಇಪ್ಪತ್ತಾರು ತುಂಬಿದರೂ ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ಅವಳ ಸುತ್ತ ಹರಡಿದ ಬೈಕಿನ ಭಾಗಗಳಲ್ಲಿ ಒಂದು ಕ್ರಮವಿತ್ತು: ಬಿಚ್ಚಿದ ಬೋಲ್ಟುಗಳೆಲ್ಲ ಬಿಚ್ಚಿದ ಸರದಿಯಲ್ಲೇ ಹಳೆಯ ಬಟ್ಟೆಯ ಮೇಲೆ ಸಾಲಾಗಿ ಕೂತಿದ್ದವು, ಒಂದೊಂದರ ಪಕ್ಕದಲ್ಲೂ ಸೀಮೆಸುಣ್ಣದಲ್ಲಿ ಬರೆದ ಅಂಕಿ. ಅಗಲವಾದ ಸೀಟು ಹೋಗಿತ್ತು. ಎತ್ತರದ ಹ್ಯಾಂಡಲ್ ಹೋಗಿ ಆ ಜಾಗದಲ್ಲಿ ಎರಡು ಗಿಡ್ಡ ಹಿಡಿಗಳು, ಕೊಂಬು ತಗ್ಗಿಸಿದ ಹೋರಿಯ ಹಾಗೆ, ಕೆಳಮುಖವಾಗಿದ್ದವು. ಮಡ್‌ಗಾರ್ಡು ಅರ್ಧ ಗೇಣಿಗೆ ಇಳಿದಿತ್ತು. ಬರೀ ಪೆಟ್ರೋಲ್ ಟ್ಯಾಂಕು, ಎಂಜಿನ್ನು, ಅವನ್ನು ಹೊತ್ತ ಪೈಪಿನ ಚೌಕಟ್ಟು, ಬೆತ್ತಲೆ ಚಾಸಿ. ಬೇಡದ್ದನ್ನೆಲ್ಲ ಕಳಚುತ್ತ ಹೋದರೆ ಉಳಿಯುವುದು ಇಷ್ಟು ಚೆಂದವಿರುತ್ತದೆಂದು ಕುಂಚ ಹಿಡಿದು ನಿಂತವಳಿಗೆ ಇದುವರೆಗೆ ತಿಳಿದಿರಲಿಲ್ಲ. ಹುಡುಗಿ ಕೆಲಸ ಮಾಡುವುದನ್ನು ನೋಡುವುದೇ ಒಂದು ಹಬ್ಬ: ಅಳೆಯುವ ಮುಂಚೆ ಒಮ್ಮೆ ಕಣ್ಣು ಕಿರಿದು ಮಾಡುತ್ತಾಳೆ, ಅಳೆದ ಮೇಲೆ ಇನ್ನೊಮ್ಮೆ, ಆಮೇಲೇ ಸೀಮೆಸುಣ್ಣ ಮುಟ್ಟುತ್ತಾಳೆ. ಅಣ್ಣನಿಗೆ ಆ ತಾಳ್ಮೆಯಿಲ್ಲ. ತಮ್ಮ ಅಪ್ಪನಿಗೆ ಇತ್ತು.

"ಇದಕ್ಕೇನೋ ಹೆಸರು ಹೇಳಿದ್ಯಲ್ಲೇ?" ಎಂದ ಅಣ್ಣ, ಷಟರಿನ ಪಕ್ಕದಿಂದ. ಒಂದು ಸ್ಟೂಲಿನ ಮೇಲೆ ತಾನು, ಎದುರಿನ ಸ್ಟೂಲಿನ ಮೇಲೆ ಮಡಚಲಾಗದ ಬಲಗಾಲು. ಹಾಗೆ ಕೂತೇ ಅವನು ಗೇಟುಗಳಿಗೆ ವೆಲ್ಡಿಂಗ್ ಮಾಡುವುದು.

"ಕೆಫೆ ರೇಸರ್. ಹಿಂದಿನ ಕಾಲದಲ್ಲಿ ಹುಡುಗರು ಒಂದು ಟೀ ಅಂಗಡಿಯಿಂದ ಇನ್ನೊಂದಕ್ಕೆ ರೇಸ್ ಹೋಗ್ತಿದ್ರಂತೆ. ಭಾರ ಕಮ್ಮಿ ಇರ್ಲಿ ಅಂತ ಎಲ್ಲ ಕಿತ್ತು ಹಾಕ್ತಿದ್ರು."

"ಟೀ ಕುಡಿಯೋಕೆ ಇಷ್ಟು ಬಗ್ಗಿ ಹೋಗ್ಬೇಕಾ? ಕಪ್ಪಿಗೇ ಮೂತಿ ಹಾಕ್ದಂಗಿದೆ."

"ನಿನಗೆ ಬಗ್ಗೋಕಾಗಲ್ಲ ಅಂತ ಹೊಟ್ಟೆಕಿಚ್ಚು, ಬಿಡಪ್ಪ."

ಅಣ್ಣ ನಕ್ಕ. ಗೇಟಿನ ಬಳಿ ನಿಂತವಳು ನಗಲಿಲ್ಲ. ಅವನ ಕಾಲಿನ ವಿಷಯಕ್ಕೆ ಎಲ್ಲರೂ ನಗುತ್ತಾರೆ, ಅವನೇ ಮೊದಲು ನಗುತ್ತಾನೆ, ಅವಳೊಬ್ಬಳು ಮಾತ್ರ ಯಾವತ್ತೂ ನಕ್ಕಿಲ್ಲ. ನಿಮ್ಮತ್ತೆಗೆ ನನ್ನ ಮೇಲೆ ಎಷ್ಟು ಮಮತೆ ನೋಡು ಎಂದು ಅವನು ಮಗಳಿಗೆ ಹೇಳುವುದುಂಟು. ಅಂಥ ಹೊತ್ತಿನಲ್ಲಿ ಅವಳು ಎದ್ದು ಒಳಗೆ ಹೋಗಿ ಸುಮ್ಮನೆ ಒಂದು ಲೋಟ ನೀರು ಕುಡಿದು ಬರುತ್ತಾಳೆ.

ಮೂವತ್ತೆಂಟು ವರ್ಷದ ಹಿಂದೆ, ಆವತ್ತೂ ಹೀಗೇ ಬಿಸಿಲು ಷಟರಿನ ಅರ್ಧದವರೆಗೆ ಬಂದಿತ್ತು. ಅಪ್ಪ ಮತ್ತು ಅಣ್ಣ ದೊಡ್ಡದೊಂದು ಗೇಟು ಕೂರಿಸಲು ಮೂರು ದಿನಕ್ಕೆಂದು ಬೇರೆ ಊರಿಗೆ ಹೋಗಿದ್ದರು, ಇದೇ ಬೈಕು ಗೋಡೆಗೊರಗಿ ನಿಂತಿತ್ತು. ಅವಳಿಗೆ ಹತ್ತೊಂಬತ್ತು. ಬೀದಿಯ ತುದಿಯವರೆಗೆ ಹೋಗಿ ತಿರುಗಿಸಿಕೊಂಡು ಬಂದುಬಿಡುವುದು ಎಂದು ಹೊರಟದ್ದು. ಆದರೆ ಬೀದಿಯ ತುದಿ ಬಂದಾಗ ಕೈ ತಿರುಗಿಸಲಿಲ್ಲ, ಕೈಗೆ ಅದರದೇ ಬುದ್ಧಿ ಬಂದಿತ್ತು. ಗಾಳಿ ಬಾಯೊಳಗೆ ನುಗ್ಗಿ ಹಲ್ಲು ತಣ್ಣಗಾದದ್ದು, ಜಡೆ ಬಿಚ್ಚಿಹೋದದ್ದು, ಯಾರೋ ಗಂಡಸು ಸೈಕಲ್ಲಿಂದ ಕೆಳಗಿಳಿದು ನಿಂತೇ ನೋಡಿದ್ದು, ಇವೆಲ್ಲ ಈಗಲೂ ನೆನಪಿವೆ. ಬಿದ್ದದ್ದು ಮಾತ್ರ ನೆನಪಿಲ್ಲ. ಮರಳಿತ್ತು, ಗಾಡಿಯ ಹಿಂಭಾಗ ಜಾರಿ ತಿರುಗಿ ಕಲ್ಲಿನ ಕಟ್ಟೆಗೆ ಬಡಿಯಿತು, ಅಷ್ಟೆ. ಮೊಣಕೈ ತರಚಿತ್ತು. ಗಾಡಿಯ ಎಡಗಡೆಯ ಪೈಪು ಬಿರುಕು ಬಿಟ್ಟು ಒಳಕ್ಕೆ ಬಾಗಿತ್ತು. ತಳ್ಳಿಕೊಂಡು ಬರುವಾಗ ಅವಳ ತಲೆಯಲ್ಲಿದ್ದದ್ದು ಭಯವಲ್ಲ, ಪೈಪಿನ ದಪ್ಪ. ಇಷ್ಟು ತೆಳುವಿಗೆ ಎಷ್ಟು ಉರಿ ಬೇಕು, ಅಪ್ಪನಾಗಿದ್ದರೆ ಒಳಗೆ ಇನ್ನೊಂದು ಪೈಪಿನ ತುಂಡು ತೂರಿಸುತ್ತಿದ್ದನೋ ಹೊರಗಿಂದ ಪಟ್ಟಿ ಕೊಡುತ್ತಿದ್ದನೋ ಎಂದೇ ಯೋಚನೆ. ಅಪ್ಪ ಅವಳ ಕೈಗೆ ಬೆಸುಗೆಗೆ ಉರಿ ಕೊಡುವ ಗ್ಯಾಸಿನ ಬ್ಲೋಪೈಪು ಕೊಡುತ್ತಿದ್ದದ್ದು ಅಪರೂಪಕ್ಕೆ, ಅದೂ ಗುಜರಿ ತುಂಡಿನ ಮೇಲೆ, ಕೆಲಸದವರೆಲ್ಲ ಊಟಕ್ಕೆ ಹೋದಾಗ. "ಕಣ್ಣಿದೆ ನಿನಗೆ" ಅನ್ನುತ್ತಿದ್ದ. ಒಮ್ಮೆ ಮಾತ್ರ, "ಆದ್ರೆ ಎಡಗೈ" ಎಂದಿದ್ದ, ಏನೋ ಸೋರುತ್ತಿರುವ ಪಾತ್ರೆಯನ್ನು ನೋಡುವ ಹಾಗೆ ನೋಡಿ. ಎರಡು ದಿನ ಹಗಲಿಡೀ ಷಟರು ಎಳೆದುಕೊಂಡು ಅವಳು ಆ ಚಾಸಿಯ ಮುಂದೆ ಕೂತಿದ್ದಳು. ಹಿಂಚಕ್ರ ಬಿಚ್ಚಿ, ಬಾಗಿದ ಪೈಪನ್ನು ಕಾಯಿಸಿ ನೇರ ಮಾಡಿ, ಪಟ್ಟಿ ಕೊಟ್ಟು, ಉರಿಯನ್ನು ಸೂಜಿಯಷ್ಟು ಸಣ್ಣಗೆ ಇಳಿಸಿ, ಒಂದೊಂದೇ ಹನಿ. ಒಂದು ಹನಿ ಕರಗಿ ಕೂರುವವರೆಗೆ ಉಸಿರು ಬಿಡದೆ, ಕೂತ ಮೇಲೆ ಬಿಟ್ಟು. ಆರಿದ ಮೇಲೆ ಬೂದಿ ಒರೆಸಿ ನೋಡಿದರೆ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಮಲಗಿದ ಬೆಸುಗೆ. ಅದನ್ನೇ ನೋಡುತ್ತ ಕೂತಳು. ಎಷ್ಟು ಹೊತ್ತೋ. ಬಣ್ಣ ಬಳಿಯಲು ಮನಸ್ಸು ಬರಲಿಲ್ಲ.

"ಅತ್ತೇ! ಬಾ ಇಲ್ಲಿ. ಬೇಗ ಬಾ."

ಅವಳು ಕುಂಚ ಹಿಡಿದೇ ಹೋದಳು. ಪೈಪು ಕತ್ತರಿಸುವ ಗ್ರೈಂಡರಿನ ಸದ್ದು ಇನ್ನೂ ಶುರುವಾಗಿರಲಿಲ್ಲ. ಕತ್ತರಿಸುವ ಮುಂಚೆ ಹುಡುಗಿ ಪೈಪಿನ ಬಣ್ಣವನ್ನು ವೈರ್ ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಿದ್ದಳು. ಗೆರೆ ದಾಟಿ ಏಳೆಂಟು ಬೆರಳು ಹೆಚ್ಚಿಗೆ ಉಜ್ಜಿಬಿಟ್ಟಿದ್ದಳು. ಅಷ್ಟನ್ನು ಇವಳು ಲೆಕ್ಕ ಹಾಕಿರಲಿಲ್ಲ.

"ನೋಡು ಇದನ್ನ. ಎಂಥ ಕೆಲಸ! ಒಂದು ತೂತಿಲ್ಲ, ಒಂದು ಗಂಟಿಲ್ಲ. ನಾನು ಇನ್ನು ಹತ್ತು ವರ್ಷ ಕೂತು ಕಲಿತ್ರೂ ಇಷ್ಟು ಸಮ ಬರಲ್ಲ. ಅಪ್ಪಾ, ತಾತ ಯಾವಾಗ ಮಾಡಿದ್ದು ಇದು?"

ಅಣ್ಣ ಕೋಲೂರಿಕೊಂಡು ಬಂದು ಬಗ್ಗಲಾರದೆ ಬಗ್ಗಿ ನೋಡಿದ. "ಯಾವಾಗ್ಲೋ ಮಾಡಿರ್ಬೇಕು. ನನಗೆ ಹೇಳೇ ಇಲ್ಲ ನೋಡು ಮುದುಕ. ನಮ್ಮಪ್ಪನ ಕೈ ಅಂದ್ರೆ ಸುಮ್ನೆ ಅಲ್ಲ ಕಣೆ," ಎಂದ. ಆ ದನಿಯಲ್ಲಿದ್ದ ಹೆಮ್ಮೆ ಕೇಳಿ ಅವಳ ಕಿವಿ ಬಿಸಿಯಾಯಿತು. ಐವತ್ತೇಳನೆಯ ವಯಸ್ಸಿನಲ್ಲಿ, ಬಣ್ಣ ಮೆತ್ತಿದ ಹಳೆ ಸೀರೆಯಲ್ಲಿ ನಿಂತು, ತನ್ನನ್ನು ಇನ್ನೊಬ್ಬರ ಹೆಸರಿನಲ್ಲಿ ಹೊಗಳುವುದನ್ನು ಕೇಳುವುದು ಎಂಥ ವಿಚಿತ್ರ ಸುಖ. ಇನ್ನೂ ಹೊಗಳಲಿ ಅನ್ನಿಸಿತು. ಅಪ್ಪನ ಮೇಲೆ, ಸತ್ತು ಹದಿನೈದು ವರ್ಷವಾದ ಅಪ್ಪನ ಮೇಲೆ, ಸಣ್ಣ ಹುಡುಗಿಯ ಹಾಗೆ ಹೊಟ್ಟೆಕಿಚ್ಚಾಯಿತು.

"ಮೊದಲು ಚಾಸಿ ನೇರ ಇದೆಯಾ ನೋಡೋಣ. ಇಂಥ ಪೆಟ್ಟು ಬಿದ್ದಿದ್ರೆ ತಿರುಚಿರುತ್ತೆ," ಎಂದು ಹುಡುಗಿ ದಾರ ತಂದಳು. ಮುಂದಿನಿಂದ ಹಿಂದಕ್ಕೆ, ಎಡಕ್ಕೊಂದು ಬಲಕ್ಕೊಂದು, ಬಿಗಿಯಾಗಿ ಎಳೆದು ಕಟ್ಟಿದಳು. ಇವಳು ಕುಂಚ ಹಿಡಿದೇ ನಿಂತಿದ್ದಳು. ಈ ದಾರಕ್ಕಾಗಿ ತಾನು ಮೂವತ್ತೆಂಟು ವರ್ಷ ಕಾದಿದ್ದೇನೆ ಅನ್ನಿಸಿತು. ಬೆಸುಗೆ ಚೆಂದವಿದ್ದೀತು, ಆದರೆ ನೇರ ಮಾಡಿದ್ದು ಬರೀ ಕಣ್ಣಂದಾಜಿನಲ್ಲಿ. ಗಾಡಿಯನ್ನು ಗೋಡೆಗೊರಗಿಸಿಟ್ಟ ಎರಡನೆಯ ದಿನವೇ ಅಣ್ಣ ಸೇತುವೆಯ ತಿರುವಿನಲ್ಲಿ ಬಿದ್ದ. ಆಸ್ಪತ್ರೆಯ ಮಂಚದ ಮೇಲೆ, ಕಾಲು ಮೇಲಕ್ಕೆ ಕಟ್ಟಿಸಿಕೊಂಡು, ಒಂದೇ ಮಾತು ಹೇಳುತ್ತಿದ್ದ: ಗಾಡಿ ಎಳೀತು, ಎಡಕ್ಕೆ ಎಳೀತು. ಅಪ್ಪ ಎಲ್ಲರೆದುರಿಗೆ, "ಗಾಡಿ ಎಳೆಯಲ್ಲ ಕಣೋ, ಪೊಗರು ಎಳೆಯುತ್ತೆ" ಎಂದ. ನೋಡಲು ಬಂದಿದ್ದವರು ನಕ್ಕರು. ಅವಳು ಮಂಚದ ಕಾಲ ಬಳಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಆಮೇಲೆ ಬೀದಿಯಲ್ಲಿ ಅವನಿಗೆ ಎಳೀತಣ್ಣ ಎಂದೇ ಹೆಸರಾಯಿತು. ಚಹಾ ಅಂಗಡಿಯಲ್ಲಿ ಲೋಟ ಜಾರಿದರೆ, "ಎಳೀತಾ ಅಣ್ಣ?" ಗಾಡಿ ಟಾರ್ಪಾಲಿನ ಅಡಿ ಸೇರಿತು, ಅವನು ಮತ್ತೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಅವಳು ಮತ್ತೆ ಬ್ಲೋಪೈಪನ್ನು ಮುಟ್ಟಲಿಲ್ಲ. ಯಾಕೆಂದು ಅಪ್ಪ ಕೇಳಲೂ ಇಲ್ಲ.

"ಅರ್ಧ ನೂಲೂ ಆಚೀಚೆ ಇಲ್ಲ!" ಹುಡುಗಿ ಕೂಗಿದಳು. "ಫ್ಯಾಕ್ಟರಿಯಿಂದ ಬಂದಾಗಲೂ ಇಷ್ಟು ನೇರ ಇರ್ಲಿಲ್ವೇನೋ."

ನೇರ ಇತ್ತು. ತಾನು ಮಾಡಿದ್ದು ನೇರವಾಗೇ ಇತ್ತು. ಬೆನ್ನಿನ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗೆ ಅವಳ ಭುಜ ಸಡಿಲವಾಯಿತು, ನಗುವೇ ಬಂದುಬಿಡುತ್ತಿತ್ತು, ಅಷ್ಟರಲ್ಲಿ ಅಣ್ಣನ ಮುಖ ಕಂಡಳು. ಅವನು ದಾರವನ್ನೇ ನೋಡುತ್ತಿದ್ದ. "ಹಾಗಾದ್ರೆ ಎಳೀಲಿಲ್ಲ ಅನ್ನು," ಎಂದ, ಮೆಲ್ಲಗೆ. "ನಮ್ಮಪ್ಪ ಹೇಳಿದ್ದೇ ಸರಿ." ಅರವತ್ತು ದಾಟಿದ ಗಂಡಸಿನ ಮುಖ ಆಸ್ಪತ್ರೆಯ ಮಂಚದ ಮೇಲಿನ ಹುಡುಗನ ಮುಖವಾಗಿ ಸೊರಗಿತ್ತು.

"ತಾಳು ತಾಳು," ಎಂದು ಹುಡುಗಿ ಮೊಬೈಲು ತೆಗೆದಳು. ಬಿಚ್ಚುವ ಮುಂಚೆ ಒಂದೊಂದನ್ನೂ ಅವಳು ಫೋಟೋ ಹಿಡಿದಿಟ್ಟಿದ್ದಳು. "ಇದು ಹಿಂಚಕ್ರ. ಟಾರ್ಪಾಲು ತೆಗೆದಾಗ ಹೇಗಿತ್ತೋ ಹಾಗೆ. ಚೈನು ಬಿಗಿ ಮಾಡೋ ಕಡೆ ಗೀಟುಗಳಿವೆಯಲ್ಲ, ಎರಡೂ ಕಡೆ ಒಂದೇ ಗೀಟಿಗೆ ಬರಬೇಕು. ಎಡಗಡೆ ಮೂರನೇ ಗೀಟು. ಬಲಗಡೆ ನೋಡು, ಐದನೇದು. ಚಕ್ರವೇ ಓರೆ ಕೂತಿದೆ. ಎಳೀದೆ ಏನು ಮಾಡುತ್ತಪ್ಪ? ಖಂಡಿತ ಎಳೆದಿರುತ್ತೆ."

"ಎಳೀತು ಅಂದೆ ನಾನು!" ಅಣ್ಣ ಕೋಲನ್ನು ನೆಲಕ್ಕೆ ಕುಟ್ಟಿದ. "ಬಾಯಿ ಬಡ್ಕೊಂಡೆ. ಒಬ್ಬನಾದ್ರೂ ಕೇಳಿದ್ನಾ?" ಆಮೇಲೆ ಅವನ ದನಿ ಇಳಿಯಿತು. "ಆದ್ರೆ ಚಕ್ರ ಮುಟ್ಟಿದವರು ಯಾರು? ನಾನೇ ಇರ್ಬೇಕು. ಚೈನು ನಾನೇ ತಾನೆ ಬಿಗಿ ಮಾಡ್ತಿದ್ದದ್ದು. ನನ್ನ ಕಾಲು ನಾನೇ ಮುರ್ಕೊಂಡೆ ಅಂತಾಯ್ತು."

ಚಕ್ರ. ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಅವಳ ಮನಸ್ಸು ಆ ಚಕ್ರದ ಕಡೆಗೆ ಹೋಗಿರಲಿಲ್ಲ. ಈಗ ಹೋಯಿತು, ಹೋದದ್ದೇ ಎಲ್ಲವೂ ಕಣ್ಣಿಗೆ ಕಟ್ಟಿತು. ಬೆಸುಗೆ ಮುಗಿಸಿ ಅದನ್ನೇ ನೋಡುತ್ತ ಕೂತಿದ್ದವಳಿಗೆ ಹೊತ್ತು ಹೋದದ್ದು ತಿಳಿಯದೆ, ಬೀದಿಯ ತುದಿಯಲ್ಲಿ ಲಾರಿಯ ಸದ್ದು, ಅಪ್ಪನ ಕೆಮ್ಮು. ಹಸಿ ಬಣ್ಣ ಮೆತ್ತಿದ್ದು, ಚಕ್ರ ತೂರಿಸಿದ್ದು, ಎಡಗಡೆ ಗೀಟು ನೋಡಿ ಬಿಗಿದದ್ದು. ಬಲಗಡೆ ಗೋಡೆಯಿತ್ತು. ಸುತ್ತಿ ಹೋಗಿ ಬಗ್ಗಿ ನೋಡಲು ಒಂದು ನಿಮಿಷ ಬೇಕಿತ್ತು. ಆ ನಿಮಿಷವನ್ನು ಅವಳು ಆಗಲೇ ತಿಂದುಹಾಕಿದ್ದಳು, ತನ್ನ ಕೈಕೆಲಸ ನೋಡುತ್ತ. ಕೈ ನಡುಗಿ ಆದ ತಪ್ಪಾಗಿದ್ದರೆ ಕ್ಷಮೆಯಿತ್ತು. ಇದು ಹೆಮ್ಮೆಯಿಂದಾದ ತಪ್ಪು. ಲೋಕದಲ್ಲಿ ಯಾವ ಅರೆಬರೆ ಕೆಲಸಗಾರನೂ ಇಂಥ ತಪ್ಪು ಮಾಡುವುದಿಲ್ಲ, ಒಳ್ಳೆಯ ಕೆಲಸಗಾರನೊಬ್ಬನೇ ಮಾಡುತ್ತಾನೆ.

ಸುಮ್ಮನಿರಬಹುದಿತ್ತು. ಅಣ್ಣನೇ ಆ ತಪ್ಪನ್ನು ತನ್ನ ಮೈಮೇಲೆ ಎಳೆದುಕೊಂಡಾಗಿತ್ತು, ಅಪ್ಪ ಬೆಸುಗೆಯನ್ನು ತೆಗೆದುಕೊಂಡಾಗಿತ್ತು, ಇವಳ ಪಾಲಿಗೆ ಏನೂ ಉಳಿದಿರಲಿಲ್ಲ, ಬಣ್ಣದ ಡಬ್ಬಿಯೊಂದನ್ನು ಬಿಟ್ಟು. ಹುಡುಗಿ ಒದ್ದೆ ಬಟ್ಟೆಯಿಂದ ಸೀಮೆಸುಣ್ಣದ ಗೆರೆಯನ್ನು ಅಳಿಸುತ್ತಿದ್ದಳು. "ಇಲ್ಲಿ ಕತ್ತರಿಸೋಕೆ ನನಗೆ ಕೈ ಬರಲ್ಲ. ಬೆಸುಗೆ ಬಿಟ್ಟು ಹಿಂದಕ್ಕೆ ಕತ್ತರಿಸ್ತೀನಿ. ಸೀಟು ಏಳೆಂಟು ಬೆರಳು ಉದ್ದ ಆದ್ರೆ ಆಗ್ಲಿ. ಇದರ ಮೇಲೆ ಬಣ್ಣಾನೂ ಬೇಡ ಅತ್ತೆ, ಬರೀ ವಾರ್ನಿಷ್ ಕೊಡು, ಎಲ್ಲರಿಗೂ ಕಾಣ್ಲಿ." ಹೊಸ ಗೆರೆ ಎಳೆಯಲು ಬಗ್ಗಿದವಳು ಹಾಗೇ ನಿಂತಳು. ಬೆಸುಗೆಯ ಮೇಲೆ ಬೆರಳಾಡಿಸಿದಳು, ಒಂದು ದಿಕ್ಕಿಗೆ, ಮತ್ತೆ ಇನ್ನೊಂದು ದಿಕ್ಕಿಗೆ.

"ಅಪ್ಪಾ, ತಾತ ಎಡಚರಾ?"

"ಯಾಕೆ?"

"ಗ್ಯಾಸ್ ಬೆಸುಗೆಯಲ್ಲಿ ಬಲಗೈಯವರು ಬಲದಿಂದ ಎಡಕ್ಕೆ ಹೋಗ್ತಾರೆ. ಹುರುಪೆ ಹಾಗೆ ಮಲಗುತ್ತೆ. ಇದು ಎಡದಿಂದ ಬಲಕ್ಕೆ ಹೋಗಿದೆ. ಕೊನೆ ಹನಿ ಇಲ್ಲಿ ನಿಂತಿದೆ, ನೋಡು."

"ಎಡಚನಾ?" ಅಣ್ಣ ನಗಲು ಹೊರಟ. "ನಮ್ಮಪ್ಪ ಎಡಗೈಯಲ್ಲಿ ನೊಣಾನೂ ಓಡಿಸ್ತಿರ್ಲಿಲ್ಲ. ಈ ಮನೇಲಿ ಎಡಚಿ ಅಂತ ಇದ್ದದ್ದು ಒಬ್ಬಳೇ..." ಮಾತು ಅಲ್ಲಿಗೆ ನಿಂತಿತು. ಅವನ ಕಣ್ಣು ಅವಳ ಎಡಗೈಯಲ್ಲಿದ್ದ ಕುಂಚದ ಮೇಲೆ ಬಂದು ಕೂತಿತು.

ಅವಳು ಕುಂಚವನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟಳು. ಕೈಯನ್ನು ಸೀರೆಗೆ ಒರೆಸಿಕೊಂಡಳು. "ಅದು ನಂದು ಅಣ್ಣ," ಎಂದಳು. ದನಿ ತನಗೇ ಗಟ್ಟಿಯಾಗಿ ಕೇಳಿಸಿತು. "ನೀವಿಬ್ರೂ ಗೇಟು ಕೂರಿಸೋಕೆ ಹೋಗಿದ್ರಿ. ನಾನು ಗಾಡಿ ತಗೊಂಡ್ಹೋಗಿ ಬಿದ್ದೆ. ಬೆಸುಗೆ ನಾನೇ ಹಾಕಿದ್ದು. ಚಕ್ರಾನೂ ನಾನೇ ಕೂರಿಸಿದ್ದು. ಬಲಗಡೆ ನೋಡ್ಲಿಲ್ಲ."

ಹುಡುಗಿಯ ಕೈಯಿಂದ ಸೀಮೆಸುಣ್ಣ ಉರುಳಿತು. ಅಣ್ಣ ಮತ್ತೊಮ್ಮೆ ಬಗ್ಗಿ ಬೆಸುಗೆಯನ್ನು ನೋಡಿದ. ಆಮೇಲೆ ಅವನು ಕೇಳಿದ್ದು ಅವಳು ಎಣಿಸಿದ್ದನ್ನಲ್ಲ.

"ಒಬ್ಬಳೇ ಹಾಕಿದ್ಯಾ?"

"ಹ್ಞೂಂ."

"ಎಷ್ಟು ಹೊತ್ತು ಹಿಡೀತು?"

"ಎರಡು ದಿನ."

ಅವನು ತಲೆಯಾಡಿಸಿದ, ಯಾರೋ ಪರವೂರಿನ ಕಸುಬುದಾರನ ಮಾತು ಕೇಳಿಸಿಕೊಂಡವನ ಹಾಗೆ. "ಆಸ್ಪತ್ರೇಲಿ ಅಪ್ಪ ಅಂದನಲ್ಲ, ಪೊಗರು ಅಂತ. ಎಲ್ಲ ನಕ್ಕರಲ್ಲ. ನೀನು ಅಲ್ಲೇ ಇದ್ದೆ."

"ಇದ್ದೆ. ನೀರಿನ ಬಾಟಲಿ ಹಿಡ್ಕೊಂಡು."

ಅವನು ಕೋಲು ತೆಗೆದುಕೊಂಡು ಹೊರಗೆ ಹೋದ. ಬೀದಿಯ ಕಲ್ಲುಗಳ ಮೇಲೆ ಕೋಲಿನ ಸದ್ದು, ಎಳೆದ ಕಾಲಿನ ಸದ್ದು, ಮತ್ತೆ ಕೋಲು. ಆ ಸದ್ದನ್ನು ಅವಳು ದಿನವೂ ಕೇಳಿದ್ದಾಳೆ, ಆದರೆ ಇಷ್ಟು ದೂರದವರೆಗೆ ಕಿವಿಯಿಟ್ಟು ಕೇಳಿರಲಿಲ್ಲ. "ಅತ್ತೆ" ಎಂದಳು ಹುಡುಗಿ. "ಈಗ ಏನೂ ಕೇಳ್ಬೇಡ ಕಣೆ" ಎಂದು ಅವಳು ಗೇಟಿನ ಕಡೆ ತಿರುಗಿ, ಬಿಟ್ಟ ಸರಳಿನಿಂದಲೇ ಮತ್ತೆ ಬಣ್ಣ ಬಳಿಯತೊಡಗಿದಳು. ಊಟದ ಹೊತ್ತಾಯಿತು, ಅವನು ಬರಲಿಲ್ಲ. ತಟ್ಟೆಯನ್ನು ಮುಚ್ಚಿಟ್ಟರು. ಹುಡುಗಿ ಹೊಸ ಗೆರೆಯ ಮೇಲೆ ಕತ್ತರಿಸಿದಳು. ಕಿಡಿಗಳು ಬಿಸಿಲಿನಲ್ಲಿ ಬಿಳಿಚಿಕೊಂಡು ಹಾರಿದವು, ಬಾಲದ ಎರಡು ತುಂಡುಗಳು ಡ್ರಮ್ಮಿಗೆ ಬಿದ್ದವು, ಬೆಸುಗೆ ಉಳಿಯಿತು. ಗೇಟಿನ ಬಳಿಯಿಂದ ಇವಳು ಕದ್ದು ನೋಡಿದಳು. ನಾಚಿಕೆಗೆಟ್ಟ ಕಣ್ಣು, ಈಗಲೂ ಅದನ್ನು ಚೆಂದವೆಂದೇ ಅನ್ನುತ್ತಿತ್ತು. ಕತ್ತರಿಸಿದ ಎರಡು ತುದಿಗಳನ್ನು ಕೂಡಿಸಲು ಹುಡುಗಿ ಕುದುರೆಲಾಳದ ಹಾಗೆ ಬಾಗಿಸಿದ ಪೈಪೊಂದನ್ನು ಆಗಲೇ ಮಾಡಿಟ್ಟುಕೊಂಡಿದ್ದಳು. ಅದನ್ನು ಇಟ್ಟು ನೋಡಿದಳು, ತೆಗೆದಳು, ಮತ್ತೆ ಇಟ್ಟಳು. ಪೈಪು ಮೇಲಕ್ಕೆ ತುಸುವೇ ಎದ್ದು ನಿಂತು, ಇಡೀ ಗಾಡಿ ಎಲ್ಲಿಗೋ ಹೊರಟು ನಿಂತ ಹಾಗೆ ಕಂಡಿತು.

ಬಿಸಿಲು ಷಟರು ದಾಟಿ ಎದುರು ಮನೆಯ ಗೋಡೆಗೆ ಹೋದಾಗ ಅಣ್ಣ ಬಂದ. ಸೀದಾ ಒಳಗೆ ಹೋಗಿ ಹಳೆ ಪೆಟ್ಟಿಗೆ ತಡಕಾಡುವ ಸದ್ದು ಮಾಡಿದ. ಹೊರಗೆ ಬಂದಾಗ ಕೈಯಲ್ಲಿ ಅಪ್ಪನ ಬ್ಲೋಪೈಪಿತ್ತು, ಹಿತ್ತಾಳೆ ಕಪ್ಪಾಗಿತ್ತು. ಅದನ್ನು ಅವಳ ಬಣ್ಣದ ಡಬ್ಬಿಯ ಪಕ್ಕ ಇಟ್ಟ. ಅವಳ ಮುಖ ನೋಡಲಿಲ್ಲ.

"ಆ ಲಾಳದ ಪೈಪು ಕೂಡಿಸಬೇಕಲ್ಲ. ಇವಳದು ಇನ್ನೂ ಗೇಟಿನ ಕೈ, ಪೈಪು ತೂತು ಬೀಳುತ್ತೆ. ನೀನೇ ಹಾಕು."

"ಅಣ್ಣ, ನನ್ನ ಕೈ ಈಗ..."

"ಹಾಕು ಅಂದೆ. ಇದರ ಪಕ್ಕ ಇನ್ನೊಬ್ಬರದ್ದು ಕೂರೋದು ಚೆನ್ನಾಗಿರಲ್ಲ." ಅವನು ಎರಡು ಸ್ಟೂಲುಗಳನ್ನೂ ಕಾಲಿನಿಂದ ತಳ್ಳುತ್ತ ಬೈಕಿನ ಪಕ್ಕಕ್ಕೆ ತಂದ, ಕೂತ, ಬಲಗಾಲನ್ನು ಎರಡು ಕೈಯಿಂದ ಎತ್ತಿ ಇನ್ನೊಂದರ ಮೇಲಿಟ್ಟುಕೊಂಡ. "ಚಕ್ರ ಮಾತ್ರ ನೀನು ಮುಟ್ಟಬೇಡ. ಅದನ್ನ ನಾನು ಕೂರಿಸ್ತೀನಿ."

ಹುಡುಗಿ ಗ್ಯಾಸು ತಿರುಗಿಸಿದಳು. ಕಡ್ಡಿ ಗೀರಿದಾಗ ಉರಿ ಮೊದಲು ಹಳದಿಯಾಗಿ ಹೊಗೆಯಾಡಿ, ಬ್ಲೋಪೈಪು ಹಿಡಿದವಳ ಬೆರಳು ತಿರುಪನ್ನು ಹುಡುಕಿಕೊಂಡ ಮೇಲೆ ನೀಲಿಯಾಗಿ, ಸಣ್ಣಗಾಗಿ, ಸೂಜಿಯಾಯಿತು. ಎಡಗೈಯಿಂದ ಉರಿಯನ್ನು ಪೈಪಿನ ಹತ್ತಿರ ತಂದಳು. ಮೊದಲ ಹನಿ ಕರಗಿತು, ಕೂತಿತು, ಅವಳು ಉಸಿರು ಬಿಟ್ಟಳು. ಎರಡನೆಯದು. ಅದನ್ನು ಇನ್ನೊಂದು ಕ್ಷಣ ನೋಡಬೇಕೆಂದು ಆಸೆಯಾಯಿತು. ನೋಡದೆ ಮೂರನೆಯದಕ್ಕೆ ಹೋದಳು. ಕೆಲಸ ಮುಗಿದು, ಲೋಹ ಆರಿ, ಹುಡುಗಿ ಚಕ್ರ ತೂರಿಸಿ ಕೊಟ್ಟಾಗ ಅಣ್ಣ ಎಡಗಡೆ ಬಗ್ಗಿ ಗೀಟು ಎಣಿಸಿದ, ಗಟ್ಟಿಯಾಗಿ, ಶಾಲೆಯ ಹುಡುಗನ ಹಾಗೆ: ಒಂದು, ಎರಡು, ಮೂರು. ಸ್ಪಾನರ್ ಕೆಳಗಿಟ್ಟ. ಕಾಲು ಇಳಿಸಿದ, ಕೋಲು ಹುಡುಕಿದ, ಎದ್ದ, ಬೈಕನ್ನು ಸುತ್ತಿ ಬಲಗಡೆಗೆ ಬಂದ, ಮತ್ತೆ ಸ್ಟೂಲು, ಮತ್ತೆ ಕಾಲು. ಇಡೀ ಒಂದು ನಿಮಿಷ ಹಿಡಿಯಿತು. ಅವಳು ನಿಂತು ಆ ನಿಮಿಷವನ್ನು ಪೂರ್ತಿಯಾಗಿ ನೋಡಿದಳು. ಅವನು ಬಗ್ಗಲಾರದೆ ಬಗ್ಗಿ, ಅವಳಿಗೆ ಕೇಳಿಸುವ ಹಾಗೆ, ಮತ್ತೆ ಒಂದರಿಂದ ಶುರುಮಾಡಿದ.